ಪಾವಗಡ ದಾಟೀವಿ

ಚಿಕ್ಕಮ್ಮ ತೀರಿಕೊಂಡ ಸುದ್ದಿ ಬೆಳಿಗ್ಗೆ ಏಳೂವರೆಗೆ ಬಂತು. ಅವ್ವನ ಬೆನ್ನಿಗೆ ಹುಟ್ಟಿದ ತಂಗಿ ಅವಳು. ರಾಯದುರ್ಗದಲ್ಲಿ ಹುಟ್ಟಿ, ಮಡಕಶಿರ ದಾಟಿ ರೊಳ್ಳದ ಹತ್ತಿರ ಇರುವ ಒಂದು ಹಳ್ಳಿಗೆ ಸೊಸೆಯಾಗಿ ಹೋದವಳು. ಚಿಕ್ಕಪ್ಪ ಇನ್ನೂ ಗಟ್ಟಿಯಾಗಿದ್ದಾರೆ, ಹಾಗಾಗಿ ಮುತ್ತೈದೆ ಸಾವು ಎಂದು ಫೋನಿನಲ್ಲಿ ಯಾರೋ ಸಮಾಧಾನ ಹೇಳಿದರು. ಅವ್ವ ಅಳಲಿಲ್ಲ. ಎದ್ದು ಮೊಳೆಗೆ ತೂಗುಹಾಕಿದ್ದ ಕೈಚೀಲ ತೆಗೆದುಕೊಂಡು, "ಸೀರಿ ಅಂಗಡಿ ಈಗ ತೆಗೀತಾರೇನಪ?" ಎಂದು ಕೇಳಿದಳು.

ನಮ್ಮ ಮಂದಿಯಲ್ಲಿ ಮುತ್ತೈದೆ ಸತ್ತರೆ ಕೊನೆಯ ಸೀರೆ ತವರಿನಿಂದ ಹೋಗಬೇಕು. ಗಂಡನ ಮನೆಯವರು ಎಂಥ ರೇಷ್ಮೆ ಉಡಿಸಿದ್ದರೂ ಅದರ ಮೇಲೆ ತವರಿನದನ್ನು ಹೊದಿಸಿಯೇ ಕುಣಿಗೆ ಇಳಿಸುವುದು. ಚಿಕ್ಕಮ್ಮನಿಗೆ ತವರು ಅಂತ ಉಳಿದದ್ದು ಅವ್ವ ಒಬ್ಬಳೇ. ನನ್ನ ಸೋದರಮಾವಂದಿರು ಒಬ್ಬೊಬ್ಬರಾಗಿ ಹೋಗಿ ಎಷ್ಟೋ ವರ್ಷವಾಗಿತ್ತು. ಆದ್ದರಿಂದ ಸೀರೆ ಅವ್ವನ ಕೈಯಿಂದಲೇ ಹೋಗಬೇಕಿತ್ತು, ಅದೂ ಹೊತ್ತು ಮುಳುಗುವುದರೊಳಗೆ.

ಹೊತ್ತು ಮುಳುಗುವುದರೊಳಗೆ ಎನ್ನುವುದಕ್ಕೂ ಕಾರಣವಿದೆ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಹಣೆತುಂಬ ವಿಭೂತಿ ಬಳಿಯುತ್ತಾರೆ, ಕೂತಂತೆಯೇ ಮಣ್ಣಿಗೆ ಇಳಿಸುತ್ತಾರೆ. ಈಗ ಸಣ್ಣಪುಟ್ಟ ಊರುಗಳಲ್ಲೂ ಬಾಡಿಗೆಗೆ ಐಸ್ ಬಾಕ್ಸ್ ಸಿಗುತ್ತದೆ. ದೂರದ ಮಕ್ಕಳು ಬರಲಿ ಎಂದು ಬೇರೆಯವರು ಎರಡು ದಿನ ಇಟ್ಟುಕೊಳ್ಳುತ್ತಾರೆ. ಆದರೆ ಆ ಪೆಟ್ಟಿಗೆ ಮಲಗಿದವರಿಗೆ. ಕೂತವರಿಗೆ ಅಂತ ಯಾರೂ ಪೆಟ್ಟಿಗೆ ಮಾಡಿಲ್ಲ. ಬೇಸಿಗೆ ನೆತ್ತಿ ಸುಡುತ್ತಿದ್ದ ದಿನಗಳವು. ಐದು ಗಂಟೆಗೆ ಎತ್ತುತ್ತೇವೆ, ಅಷ್ಟರೊಳಗೆ ದೊಡ್ಡಮ್ಮನನ್ನು ಕರೆದುಕೊಂಡು ಬಾ ಎಂದು ಚಿಕ್ಕಮ್ಮನ ಮಗ, ಅಂದರೆ ನನ್ನ ತಮ್ಮ, ಹೇಳಿದ್ದ.

ನೂರೈವತ್ತು ಕಿಲೋಮೀಟರು ದಾರಿ. ಕೈಯಲ್ಲಿ ಇಡೀ ಹಗಲು. ಯಾವ ದಡ್ಡನಾದರೂ ತಲುಪಬಹುದಿತ್ತು. ನಾನು ತಲುಪಲಿಲ್ಲ.

ನನ್ನದು ಹತ್ತು ಮಿಷನ್ನಿನ ಜೀನ್ಸ್ ಹೊಲಿಯುವ ಕಾರ್ಖಾನೆ. ಬೋರ್ಡಿನಲ್ಲಿ ಕಾರ್ಖಾನೆ ಅಂತ ಇದೆ. ಒಳಗೆ ಬಂದರೆ ಉದ್ದನೆಯ ಒಂದು ಕೋಣೆ, ಅದರ ಮೇಲೆ ನಮ್ಮ ಮನೆ. ಕರೆಂಟು ಕಾರು ಕೊಂಡು ಆಗ ವರ್ಷದ ಮೇಲಾಗಿತ್ತು. ನಮ್ಮ ಬೀದಿಗೆ ಅದೇ ಮೊದಲನೆಯದು. ಸದ್ದಿಲ್ಲದೆ ಬಂದು ನಿಂತರೆ ಜನ ತಿರುಗಿ ನೋಡುತ್ತಿದ್ದರು, ನನಗೆ ಅದು ಬಲು ಹಿಡಿಸುತ್ತಿತ್ತು. ಮದುವೆಯಿರಲಿ, ತೊಟ್ಟಿಲಿರಲಿ, ಎಣ್ಣೆ ಗಾಡಿ ಇಟ್ಟುಕೊಂಡವರು ಕಣ್ಣಿಗೆ ಬಿದ್ದರೆ ಕೆಣಕದೆ ಬಿಡುತ್ತಿರಲಿಲ್ಲ. ಹಳೆಯ ಡೀಸೆಲ್ ಜೀಪಿನಲ್ಲಿ ರೇಷ್ಮೆಗೂಡು ಸಾಗಿಸುವ ಈ ತಮ್ಮನನ್ನೂ ಹಿಂದಿನ ವರ್ಷ ಅವರ ಮನೆಯ ಜಗಲಿಯ ಮೇಲೆ ಎಲ್ಲರೆದುರು ಗೇಲಿ ಮಾಡಿದ್ದೆ.

"ಈ ಹೊಗಿ ಡಬ್ಬಿ ಗುಜರಿಗೆ ಹಾಕಪ ಮಾರಾಯ" ಎಂದಿದ್ದೆ.

ಅವನು ನಕ್ಕು, "ನಮ್ ಕಡೀಕೆ ನಿಮ್ದು ಆಗಲ್ಲ ಕಣಣ್ಣ. ದಾರೀಲಿ ನಿಂತ್ಕಂಡ್ರೆ ಯಾರನ್ನ ಕೇಳ್ತೀಯ ಕರೆಂಟು?" ಎಂದಿದ್ದ.

ಜನ ನಕ್ಕರು. ಆ ನಗು ಯಾರ ಮೇಲಿನದು ಎಂದು ಗೊತ್ತಾಗದೆ ನಾನು ಇನ್ನಷ್ಟು ಜೋರಾಗಿ ಮಾತಾಡಿದೆ. ಆ ಸಲ ನಾನು ಅಲ್ಲಿಗೆ ಹೋಗಿದ್ದು ಬಸ್ಸಿನಲ್ಲಿ ಎಂಬುದನ್ನು ಪುಣ್ಯಕ್ಕೆ ಯಾರೂ ಎತ್ತಲಿಲ್ಲ.

ನಿಜ ಹೇಳಬೇಕೆಂದರೆ ರಾಯದುರ್ಗದಲ್ಲಿ ಆ ಕಾರನ್ನು ಸಾಕುವುದೇ ಒಂದು ಪಾಡು. ಮನೆಯಲ್ಲಿ ಚಾರ್ಜಿಗೆ ಹಾಕಿದರೆ, ಕೆಳಗೆ ಮಿಷನ್ನುಗಳು ಓಡುತ್ತಿರುವಾಗ ಮೇನ್ ಬಿದ್ದುಹೋಗುತ್ತದೆ. ಹೊಲಿಗೆ ನಿಂತ ಮೇಲೆಯೇ ಅದರ ಊಟ. ಊರ ಹೊರಗಿನ ಒಂದು ಬಂಕಿನಲ್ಲಿ ಎಲ್ಲರಿಗೂ ಅಂತ ಇರುವ ಚಾರ್ಜಿಂಗ್ ಮಿಷನ್ ಒಂದೇ. ಅದರ ಕೇಬಲ್ಲಿನ ತುದಿಯಲ್ಲಿ ಕಾರಿಗೆ ಸಿಕ್ಕಿಸುವ ಗನ್ನು ಎರಡು, ನಡೆಯುವುದು ಒಂದು. ಅದು ಖಾಲಿ ಸಿಕ್ಕಿದರೆ ಹಬ್ಬ. ಸಿಕ್ಕಿದ ದಿನ ನಾನು ಕಾರಿಗೆ ಗನ್ನು ಸಿಕ್ಕಿಸಿ, ಬೀಗ ಹಾಕಿ, ಬಜಾರಿಗೆ ಹೋಗಿಬಿಡುತ್ತಿದ್ದೆ. ಕಾರು ತುಂಬಿ ಒಂದು ಗಂಟೆಯಾದರೂ ವಾಪಸ್ಸು ಬರುತ್ತಿರಲಿಲ್ಲ. ಒಮ್ಮೆ ಒಬ್ಬ ಮೇಷ್ಟ್ರು ಬಿಸಿಲಲ್ಲಿ ಕಾದು ಕಾದು, "ಏನ್ರಿ, ತುಂಬಿದ ಮ್ಯಾಲಾದ್ರೂ ತಗೀಬಾರದೇನ್ರಿ?" ಎಂದರು. "ಚಾ ಕುಡಿಯಾಕ ಹೋಗಿದ್ದೆ ಬಿಡ್ರಿ, ಏನಾತು ಈಗ?" ಎಂದೆ.

ಚಿಕ್ಕಮ್ಮ ಸತ್ತ ಹಿಂದಿನ ದಿನ ಅರ್ಜೆಂಟ್ ಮಾಲು ಹೋಗಬೇಕಿತ್ತು, ಮಿಷನ್ನುಗಳು ನಿಲ್ಲಲೇ ಇಲ್ಲ. ಬೆಳಿಗ್ಗೆ ನೋಡಿದರೆ ಕಾರಿನಲ್ಲಿ ಐವತ್ತೆಂಟು ಪರ್ಸೆಂಟು. ಲೆಕ್ಕ ಹಾಕಿದೆ. ಕಲ್ಯಾಣದುರ್ಗದಲ್ಲಿ ಅರ್ಧ ಗಂಟೆ ಫಾಸ್ಟ್ ಚಾರ್ಜು, ಮಧ್ಯಾಹ್ನ ಎರಡಕ್ಕೆ ರೊಳ್ಳ. ಸೀರೆ ಅಂಗಡಿಯವರು ಸಾವಿನ ಸೀರೆ ಎಂದ ಕೂಡಲೇ ಒಂಬತ್ತಕ್ಕೆ ಮುಂಚೆಯೇ ಬಾಗಿಲು ತೆಗೆದರು. ಅವ್ವ ಹಸಿರು ಒಡಲಿನ, ಕೆಂಪು ಅಂಚಿನ ಒಂದು ಮೊಳಕಾಲ್ಮೂರು ರೇಷ್ಮೆ ಆರಿಸಿದಳು. ಸಾವಿನ ಬಟ್ಟೆಗೆ ಚೌಕಾಸಿ ಮಾಡುವ ಹಾಗಿಲ್ಲ. ಹೊರಗೆ ಬಂದವಳು, "ಬಸ್ಸಿಗೆ ಹೋಗಿಬಿಡಾಣಪ. ಕಲ್ಯಾಣದುರ್ಗದಾಗ ಒಂದು, ಪಾವಗಡದಾಗ ಒಂದು ಬದಲಿಸಿದ್ರ ಆತು" ಎಂದಳು.

"ಮನಿ ಮುಂದ ಕಾರು ನಿಂತಿರುವಾಗ ಬಸ್ಸು ಯಾಕವ್ವ?" ಎಂದೆ.

ಹೆಂಡತಿ ಮಗಳ ಊರಿಗೆ ಹೋಗಿದ್ದಳು. ಹೊರಟದ್ದು ನಾವಿಬ್ಬರೇ. ಅವ್ವ ಮುಂದಿನ ಸೀಟಿನಲ್ಲಿ ಸೀರೆಯ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ತಂಗಿಯನ್ನು ಮಣ್ಣು ಮಾಡುವವರೆಗೆ ಅವಳು ನೀರೂ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗಾಗ ಎಪ್ಪತ್ತೆರಡು.

ಕಲ್ಯಾಣದುರ್ಗ ಹತ್ತೂವರೆಗೆ ಬಂತು. ಮಿಷನ್ ಇದ್ದದ್ದು ಒಂದು ಲಾಡ್ಜಿನ ಹಿಂಭಾಗದಲ್ಲಿ. ಫೋನಿನ ಆ್ಯಪಿನಲ್ಲಿ ಹಸಿರು ಚುಕ್ಕೆ, ಎಂದರೆ ಖಾಲಿ ಇದೆ, ನಡೆಯುತ್ತಿದೆ ಎಂದರ್ಥ. ಖಾಲಿಯೇನೋ ಇತ್ತು. ಅದರ ತಲೆಯ ಮೇಲೆ ಲಾಡ್ಜಿನ ಹೊದಿಕೆಗಳನ್ನು ಒಣಹಾಕಿದ್ದರು. ಅವನ್ನು ಸರಿಸಿ ಗನ್ನು ಸಿಕ್ಕಿಸಿದರೆ ಪರದೆಯ ಮೇಲೆ ಒಂದು ಚಕ್ರ ಸುತ್ತತೊಡಗಿತು. ಸುತ್ತುತ್ತಲೇ ಇತ್ತು. ಕೌಂಟರಿನವನು ಎದ್ದು ಬಂದು, ಕರೆಂಟು ಇದೆ, ನೆಟ್‌ವರ್ಕ್ ಇಲ್ಲ ಎಂದು ತೆಲುಗಿನಲ್ಲಿ ಹೇಳಿದ. ಯಾವಾಗಿನಿಂದ ಇಲ್ಲ ಎಂದರೆ, ಬಂದವರೆಲ್ಲ ಹೀಗೇ ಕೇಳುತ್ತಾರೆ ಎಂದ.

ಮಿಷನ್ನಿನ ಮೇಲಿದ್ದ ನಂಬರಿಗೆ ಫೋನು ಮಾಡಿದೆ. ಒಂದು ಒತ್ತಿ, ಮೂರು ಒತ್ತಿ, ಕಾಯಿರಿ. ಕೊನೆಗೆ ಸಿಕ್ಕಿದ ಹುಡುಗಿ ತುಂಬ ಮರ್ಯಾದೆಯಿಂದ, "ನಮಗೆ ಇಲ್ಲಿ ಎಲ್ಲ ಸರಿಯಿದೆ ಅಂತ ತೋರಿಸ್ತಿದೆ ಸರ್" ಎಂದಳು.

"ನಿಮಗ ಸರಿ ಐತಮ್ಮ, ನನಗ ಇಲ್ಲ" ಎಂದೆ.

ದೂರದಿಂದಲೇ ಮಿಷನ್ನನ್ನು ಆರಿಸಿ ಹೊತ್ತಿಸುತ್ತೇನೆ, ಹತ್ತು ನಿಮಿಷ ಎಂದಳು. ಹತ್ತು ನಿಮಿಷವಾಯಿತು. ಇನ್ನೊಮ್ಮೆ ಎಂದಳು, ಇನ್ನೂ ಹತ್ತು. ನಾನು ಮುಂಗೋಪದ ಮನುಷ್ಯ. ಆ ಮಿಷನ್ನಿಗೆ ಒಂದು ಸಲ ಕಾಲಿನಿಂದ ಒದ್ದೆ ಕೂಡ. ಚಕ್ರ ಸುತ್ತುತ್ತಲೇ ಇತ್ತು. ಅಷ್ಟರಲ್ಲಿ ಲಾಡ್ಜಿನ ಮುಂದೆ ಒಂದು ಬಸ್ಸು ನಿಂತು ಜನರನ್ನು ಹತ್ತಿಸಿಕೊಂಡಿತು.

"ಅದು ಪಾವಗಡದ ಬಸ್ಸಲ್ಲೇನಪ?" ಎಂದು ಅವ್ವ ಕಾರಿನೊಳಗಿಂದ ಕೇಳಿದಳು.

ಹೌದು, ಪಾವಗಡದ್ದೇ. ಕಾರನ್ನು ಲಾಡ್ಜಿನ ಹಿಂದೆ ಬಿಟ್ಟು ಅದನ್ನು ಹತ್ತಬಹುದಿತ್ತು. ಕಾರನ್ನು ಯಾರೂ ಹೊತ್ತುಕೊಂಡು ಹೋಗುತ್ತಿರಲಿಲ್ಲ. ಆದರೆ ಬಸ್ಸಿನಿಂದ ಇಳಿದು ಆ ಅಂಗಳಕ್ಕೆ ನಡೆದು ಹೋಗುವ ನನ್ನನ್ನು ನಾನೇ ಕಲ್ಪಿಸಿಕೊಂಡೆ. ಎಲ್ಲಿ ಅಣ್ಣ ನಿನ್ ಕಾರು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಸಾವಿನ ಮನೆಯಾದರೂ ಕೇಳುತ್ತಾರೆ. "ಬ್ಯಾಡವ್ವ, ಪಾವಗಡದಾಗ ಇನ್ನೊಂದು ಮಿಷನ್ ಐತಿ" ಎಂದೆ. ಬಸ್ಸು ಹೋಯಿತು. ಅವ್ವ ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದಳು.

ಹನ್ನೆರಡಕ್ಕೆ ಅಲ್ಲಿಂದ ಹೊರಟಾಗ ಮೂವತ್ತೊಂಬತ್ತು ಪರ್ಸೆಂಟು ಉಳಿದಿತ್ತು. ಎ.ಸಿ. ಹಾಕಿದರೆ ಪಾವಗಡ ಮುಟ್ಟುವುದಿಲ್ಲ. ಕಿಟಕಿ ಇಳಿಸಿ ನಲವತ್ತರ ವೇಗದಲ್ಲಿ ಹೊರಟೆವು. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಶೇಂಗಾ ಕಿತ್ತು ಬರಿದಾದ ಹೊಲಗಳು, ಗುಡ್ಡದ ಮೇಲೆ ತಿರುಗುವ ಗಾಳಿಗಿರಣಿಗಳು. ಪಾವಗಡ ಹತ್ತಿರವಾದಂತೆ ಬಿಸಿಲಿನಿಂದ ಕರೆಂಟು ಮಾಡುವ ಹಲಗೆಗಳು ಶುರುವಾದವು. ಕಣ್ಣು ಹಾಯುವವರೆಗೂ ಅವೇ. ದೇಶಕ್ಕೆಲ್ಲ ಇಲ್ಲಿಂದ ಕರೆಂಟು ಹೋಗುತ್ತದೆ ಎನ್ನುತ್ತಾರೆ. ಆ ಹಲಗೆಗಳ ನಡುವೆ ನಾನು ಪರ್ಸೆಂಟು ಎಣಿಸುತ್ತ, ಎತ್ತಿನ ಗಾಡಿಯ ಹಾಗೆ ಹೋಗುತ್ತಿದ್ದೆ. ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಅವ್ವ ಒಂದೇ ಒಂದು ಸಲ ಮಾತಾಡಿದಳು. "ಆಕಿ ಮದುವ್ಯಾಗಿ ಹೋಗುವಾಗ ಇದ ದಾರ್ಯಾಗ ಬಸ್ಸು ಕೆಟ್ಟಿತ್ತು. ಇಳಿದು ನನ್ನ ತಬ್ಬಿಕೊಂಡು ಅತ್ತಿದ್ದಳು, ವಾಪಸ್ ಹೋಗಾಣಕ್ಕ ಅಂತ" ಎಂದಳು. ನಾನು ಪರದೆಯ ಮೇಲಿನ ಪರ್ಸೆಂಟನ್ನೇ ನೋಡಿದೆ.

ಪಾವಗಡದ ಮಿಷನ್ ಒಂದು ಹೋಟೆಲ್ಲಿನ ಅಂಗಳದಲ್ಲಿತ್ತು. ತಲುಪಿದಾಗ ಎರಡು ಗಂಟೆ, ಕಾರಿನಲ್ಲಿ ಒಂಬತ್ತು ಪರ್ಸೆಂಟು. ಮಿಷನ್ ನಡೆಯುತ್ತಿತ್ತು. ಆದರೆ ಅದರ ಗನ್ನು ಒಂದು ಬಿಳಿ ಕಾರಿನ ಬಾಯಲ್ಲಿತ್ತು. ಪರದೆಯ ಮೇಲೆ ನೂರು ಪರ್ಸೆಂಟು ಎಂದು ಬರೆದಿತ್ತು. ಕಾರಿಗೆ ಬೀಗ. ಕಾರಿಗೆ ಬೀಗ ಬಿದ್ದರೆ ಗನ್ನಿಗೂ ಬಿದ್ದ ಹಾಗೆ, ಎಳೆದರೆ ಬರುವುದಿಲ್ಲ. ಹೋಟೆಲ್ಲಿನವರನ್ನು ಕೇಳಿದರೆ, ಮದುವೆಗೆ ಬಂದವರು, ಇಲ್ಲಿ ಹಾಕಿ ಬೇರೆಯವರ ಗಾಡಿಯಲ್ಲಿ ಛತ್ರಕ್ಕೆ ಹೋದರು ಎಂದರು. ಯಾವ ಛತ್ರ ಎಂದು ಗೊತ್ತಿಲ್ಲ. ಒಳ್ಳೆಯ ಮುಹೂರ್ತದ ದಿನ, ಊರಿನ ಛತ್ರಗಳೆಲ್ಲ ತುಂಬಿದ್ದವು. ಬಾಡಿಗೆ ಕಾರಿನ ಸ್ಟ್ಯಾಂಡಿಗೆ ಓಡಿಹೋಗಿ ನೋಡಿದೆ. ಅಲ್ಲಿ ಒಂದು ಗಾಡಿಯೂ ಇರಲಿಲ್ಲ, ಎಲ್ಲ ಮದುವೆ ಬಾಡಿಗೆಗೆ ಹೋಗಿದ್ದವು. ಬಸ್ ಸ್ಟ್ಯಾಂಡಿನ ಕಡೆ ಮಾತ್ರ ಹೋಗಲಿಲ್ಲ.

ಆಗ ತಮ್ಮನ ಫೋನು ಬಂತು. ಎರಡೂವರೆ ಇರಬೇಕು. ಅವನ ಹಿಂದೆ ಹೆಂಗಸರು ಅಳುವುದು ಕೇಳುತ್ತಿತ್ತು.

"ಎಲ್ಲಿದೀರಣ್ಣ? ಗಾಡಿಗೇನಾರ ತೊಂದ್ರೆಯಾ? ಹೇಳು, ನಾನೇ ಜೀಪು ಕಳಿಸ್ತೀನಿ. ಪಾವಗಡಕ್ಕಾದ್ರೆ ಗಂಟೆಯೊಳಗೆ ಬಂದ್ಬಿಡ್ತದೆ."

ಅವನ ಮಾತಿನಲ್ಲಿ ಯಾವ ಕುಹಕವೂ ಇರಲಿಲ್ಲ. ಅಮ್ಮ ಸತ್ತು ಕೂತಿರುವಾಗ ಅವನಿಗೆ ಅದೆಲ್ಲಿ ನೆನಪು. ಆದರೆ ನನಗೆ ಆ ಜಗಲಿ ನೆನಪಿತ್ತು. ಕಣ್ಣೆದುರಿಗೆ ಆ ಬಿಳಿ ಕಾರು ನಿಂತಿತ್ತು, ಅದರ ಯಜಮಾನ ಇನ್ನು ಹತ್ತು ನಿಮಿಷದಲ್ಲಿ ಬಂದೇ ಬರುತ್ತಾನೆ ಅನ್ನಿಸುತ್ತಿತ್ತು. ಬಾಯಿ ತಾನಾಗಿ ಹೇಳಿತು:

"ಬ್ಯಾಡಪ, ಪಾವಗಡ ದಾಟೀವಿ. ಇನ್ನ ಮುಕ್ಕಾಲು ಗಂಟೆ, ಬಂದೇ ಬಿಟ್ವಿ."

ಈ ಮಾತು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಮನೆಯಲ್ಲಿ ಚಪ್ಪಲಿ ಹುಡುಕುತ್ತಿರುವವನು ಸರ್ಕಲ್ಲಿನಲ್ಲಿದ್ದೇನೆ ಎನ್ನುತ್ತಾನೆ, ಬಸ್ಸು ಹತ್ತದವನು ಅರ್ಧ ದಾರಿ ಬಂದಿದ್ದೇನೆ ಎನ್ನುತ್ತಾನೆ. ಕೇಳಿಸಿಕೊಂಡವರು ಅದಕ್ಕೆ ಒಂದು ಗಂಟೆ ಸೇರಿಸಿಕೊಂಡು ತಮ್ಮ ಪಾಡಿಗೆ ತಾವಿರುತ್ತಾರೆ. ಅದನ್ನು ಯಾರೂ ಸುಳ್ಳು ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ತವರಿನ ಸೀರೆ ತರುವವನು ಹೇಳಿದ ಮಾತನ್ನು ತಮ್ಮ ಹಾಗೆ ತೆಗೆದುಕೊಳ್ಳಲಿಲ್ಲ. ಅವನು ಅದನ್ನು ನಂಬಿದ. "ಸರಿ ಕಣಣ್ಣ, ಹಂಗಾದ್ರೆ ಕಾಯ್ತೀವಿ" ಎಂದು ಫೋನು ಇಟ್ಟ.

ತಿರುಗಿ ನೋಡಿದರೆ ಅವ್ವ ನನ್ನನ್ನೇ ನೋಡುತ್ತಿದ್ದಳು. ಹೋಟೆಲ್ಲಿನ ಬೋರ್ಡಿನ ಮೇಲೆ ಪಾವಗಡ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಅವಳಿಗೆ ಓದಲು ಬರುತ್ತದೆ.

ಬಿಳಿ ಕಾರಿನ ಯಜಮಾನ ಮೂರೂವರೆ ದಾಟಿದ ಮೇಲೆ ಬಂದ. ಎಲೆಯಡಿಕೆ ಜಗಿಯುತ್ತ, ಕೈಯಲ್ಲಿ ತಾಂಬೂಲದ ಚೀಲ ಹಿಡಿದು, ನೆಂಟರ ಜೊತೆ ನಗುತ್ತ ಬಂದ. ಅವನ ಕೊರಳುಪಟ್ಟಿ ಹಿಡಿಯಬೇಕು ಎಂದು ಕೈ ಮುಂದೆ ಹೋಯಿತು. "ಪಂಕ್ತಿ ಲೇಟಾಯ್ತು, ಊಟ ಮಾಡ್ಕಂಡು ಬಂದ್ವಿ ಬಿಡಿ, ಏನಾಯ್ತೀಗ?" ಎಂದ. ಕೈ ಕೆಳಗಿಳಿಯಿತು. ಅದು ನಾನು ಮೇಷ್ಟ್ರಿಗೆ ಹೇಳಿದ ಮಾತೇ. ನಾಚಿಕೆಯಾಯಿತು, ಆದರೆ ಅದರಿಂದ ಅವತ್ತಿಗೆ ಏನು ಪ್ರಯೋಜನ.

ಗನ್ನು ಸಿಕ್ಕಿಸಿದೆ. ಒಂಬತ್ತು ಇದ್ದದ್ದು ಹತ್ತಾಯಿತು, ಹನ್ನೆರಡಾಯಿತು, ಹದಿನಾರಾಯಿತು. ಇನ್ನು ಇಪ್ಪತ್ತು ನಿಮಿಷ ಸಿಕ್ಕಿದರೆ ಗೆದ್ದೆ ಅಂದುಕೊಂಡೆ. ಹೋಟೆಲ್ಲಿನ ಫ್ಯಾನುಗಳು ನಿಂತವು. ಬೀದಿಯಲ್ಲಿದ್ದ ಜ್ಯೂಸ್ ಅಂಗಡಿಯ ಮಿಷನ್ ನಿಂತಿತು. ಊರಿಗೆ ಊರೇ ಕರೆಂಟು ಹೋಗಿತ್ತು. ಯಾವಾಗ ಬರುತ್ತದೆ ಎಂದು ಕೇಳಿದ್ದಕ್ಕೆ ಹೋಟೆಲ್ಲಿನವರು, ಈಗ ಬರಬಹುದು ಎಂದರು. ಸಾವಿನ ಮನೆಗೆ ಹೊರಟವರಿಗೆ ಇಲ್ಲ ಎನ್ನಲು ಅವರಿಗೂ ಮನಸ್ಸು ಬರಲಿಲ್ಲವೇನೋ.

ನಾಲ್ಕೂಕಾಲಿಗೆ ಹದಿನಾರು ಪರ್ಸೆಂಟಿನಲ್ಲೇ ಹೊರಟೆ. ಮಡಕಶಿರವಾದರೂ ಸಿಕ್ಕಲಿ, ಅಲ್ಲಿಂದ ಆಟೋ ಮಾಡಿದರಾಯಿತು ಎಂದುಕೊಂಡೆ. ಮೂವತ್ತರ ವೇಗ. ಹಿಂದಿನಿಂದ ಬಂದ ಲಾರಿ, ಟ್ರಾಕ್ಟರುಗಳೆಲ್ಲ ನಮ್ಮನ್ನು ದಾಟಿ ಹೋದವು. ತಮ್ಮ ಎರಡು ಸಲ ಫೋನು ಮಾಡಿದ, ನಾನು ಎತ್ತಲಿಲ್ಲ. ಅವ್ವ ಈಗ ಪೊಟ್ಟಣವನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದುಕೊಂಡಿದ್ದಳು. ಮಡಕಶಿರದ ಬೆಟ್ಟ ದೂರದಲ್ಲಿ ಕಾಣುವಾಗ ಕಾರು ತಾನೇ ನಿಧಾನವಾಯಿತು. ಪರದೆಯ ಮೇಲೆ ಆಮೆಯ ಚಿತ್ರ ಬಂತು. ಒಂದು ಹಳ್ಳಿಯ ಹಿಟ್ಟಿನ ಗಿರಣಿಯ ಮುಂದೆ ಅದು ಪೂರ್ತಿ ನಿಂತಿತು. ಐದೂಕಾಲು.

ಗಿರಣಿಯ ಹೆಂಗಸು ಒಂದು ಪ್ರಶ್ನೆಯನ್ನೂ ಕೇಳದೆ ಪ್ಲಗ್ಗು ತೋರಿಸಿದಳು. "ಹಾಕ್ಕಳ್ಳಿ, ಅದಕ್ಕೇನು. ಅಮ್ಮಾ, ಒಳಿಕ್ ಬಂದು ಕೂತ್ಕಳ್ಳಿ, ನೀರು ಕುಡೀರಿ" ಎಂದಳು. ಸಾವಿನ ಸೀರೆ ಹಿಡಿದವರು ಇನ್ನೊಬ್ಬರ ಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಅವ್ವ ಕೈಮುಗಿದು ಕಾರಿನಲ್ಲೇ ಉಳಿದಳು. ಪ್ಲಗ್ಗು ಹಾಕಿ ನೋಡಿದರೆ ಪೂರ್ತಿ ತುಂಬಲು ಹದಿನಾಲ್ಕು ಗಂಟೆ ಎಂದು ಪರದೆ ತೋರಿಸಿತು. ಆಗ ತಮ್ಮನಿಗೆ ಫೋನು ಮಾಡಿ ಎಲ್ಲಿದ್ದೇವೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ.

"ಎರಡೂವರೆಗೆ ಪಾವಗಡ ದಾಟಿದ್ವಿ ಅಂದ್ರಲ್ಲಣ್ಣ" ಎಂದ ಅವನು. "ಅವಾಗ್ಲೇ ಜೀಪು ಬಿಡ್ತಿದ್ನಲ್ಲ. ಅಮ್ಮುನ್ನ ಇನ್ನ ಇಟ್ಕಳಾಕಾಗಲ್ಲ." ಆದರೂ ಪಕ್ಕದ ಮನೆಯವನ ಕೈಯಲ್ಲಿ ಜೀಪು ಕಳಿಸಿದ.

ನಾನು ಗುಜರಿಗೆ ಹಾಕು ಎಂದಿದ್ದ ಅದೇ ಜೀಪು ಆರಕ್ಕೆ ಬಂತು. ಅದು ಎಷ್ಟು ವೇಗವಾಗಿ ಓಡಿತು ಎಂದರೆ ಅವ್ವ ಮುಂದಿನ ಕಂಬಿಯನ್ನು ಹಿಡಿದೇ ಕೂತಿದ್ದಳು. ಸೂರ್ಯ ಆಗಲೇ ಕೆಳಗಿಳಿದಿದ್ದ. ಮನೆಗೆ ಹೋಗಲಿಲ್ಲ, ನೇರವಾಗಿ ಹೊಲಕ್ಕೇ ಹೋದೆವು. ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಜನ ನಿಂತಿದ್ದರು. ಹತ್ತಿರ ಹೋದಾಗ ಸಲಿಕೆಗಳು ನಿಂತಿದ್ದವು. ಹಸಿ ಮಣ್ಣಿನ ಗುಡ್ಡೆಯ ಮೇಲೆ ಒಬ್ಬರು ನೀರು ಚಿಮುಕಿಸುತ್ತಿದ್ದರು.

ಕುಣಿಗೆ ಇಳಿಸುವ ಮುಂಚೆ, ತವರಿನವರು ಯಾರಾದರೂ ಬಂದಿದ್ದೀರಾ ಎಂದು ಮೂರು ಸಲ ಕೂಗಿದರಂತೆ. ಯಾರೂ ಓ ಅನ್ನಲಿಲ್ಲ. ಮಡಕಶಿರದಿಂದ ಯಾರೋ ತಂದಿದ್ದ ಒಂದು ಸೀರೆಯನ್ನು ಬೀದಿಯ ಒಬ್ಬ ಹೆಂಗಸು, ನಾನೇ ತವರು ಅಂದುಕೊಳ್ಳವ್ವ ಎಂದು ಹೇಳಿ ಹೊದಿಸಿದಳಂತೆ. ಇದನ್ನೆಲ್ಲ ಚಿಕ್ಕಮ್ಮನ ಮಗಳು ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿ ಏರಿತು. ಅವ್ವ ಗುಡ್ಡೆಯ ಪಕ್ಕದಲ್ಲಿ ಮಣ್ಣಿನಲ್ಲೇ ಕುಕ್ಕರಿಸಿದ್ದಳು. ಪೊಟ್ಟಣ ಬಿಚ್ಚಿ ಸೀರೆಯನ್ನು ಮುಂದೆ ಹಿಡಿದಳು.

"ಈಗ ಯಾರಿಗೆ ಉಡ್ಸಾನ ದೊಡ್ಡಮ್ಮ ಅದುನ್ನ?" ಎಂದು ಆ ಮಗಳು ಕೇಳಿದಳು. "ಬಾಗ್ಲು ಕಡೀಗೇ ನೋಡ್ತಾ ಕೂತಿದ್ವಿ. ನಮ್ಮಮ್ಮುನ್ ಮುಖ ಕಪ್ಪಾಗ್ತಾ ಬಂತು, ಆದ್ರೂವೆ ಇಟ್ಕಂಡಿದ್ವಿ. ಪಾವಗಡ ದಾಟಿದ್ವಿ ಅಂದೋರು ಎಲ್ಲೋಗಿದ್ರಿ?"

ಎಲ್ಲರೂ ನನ್ನ ಕಡೆ ತಿರುಗಿದರು. ತಮ್ಮನೂ ನೋಡಿದ. ಬಾಯಿ ತೆರೆದೆ. ಏನು ಹೇಳಬೇಕಾಗಿತ್ತು ಎಂದು ನನಗೆ ಗೊತ್ತಿತ್ತು, ಅದು ಒಂದೇ ವಾಕ್ಯ. ಅದು ಹೊರಗೆ ಬರುವ ಮುಂಚೆ ಅವ್ವ ಮಾತಾಡಿದಳು.

"ಅವಂದೇನು ತಪ್ಪಿಲ್ಲವ್ವ" ಎಂದಳು. "ಪಾವಗಡ ದಾಟಿದ್ವಿ, ನನಗ ತಲಿ ಸುತ್ತು ಬಂತು. ಗಾಡಿ ನಿಲ್ಲಿಸು ಅಂದೆ. ಗಿಡದ ಕೆಳಗ ಮಲಗಿಬಿಟ್ಟೆ, ಏಳಾಕ ಆಗಲಿಲ್ಲ. ಅವ ಹೋಗಾಣು ಹೋಗಾಣು ಅಂತಾನ ಇದ್ದ. ನಂದ ತಪ್ಪು."

ಬೆಳಗಿನಿಂದ ನೀರು ಮುಟ್ಟದ ಮುದುಕಿ, ಆ ಬಿಸಿಲು. ಯಾರಿಗೂ ಸಂಶಯ ಬರಲಿಲ್ಲ. ಜೀಪು ತಂದವನನ್ನು ಬಿಟ್ಟರೆ ತಮ್ಮನಿಗೆ ಮಾತ್ರ ಗಿರಣಿಯ ಮುಂದೆ ಕಾರು ನಿಂತದ್ದು ಗೊತ್ತಿತ್ತು. ಅವನು ದೊಡ್ಡಮ್ಮನ ಮುಖ ನೋಡಿ ತಲೆ ತಗ್ಗಿಸಿದ. ಚಿಕ್ಕಮ್ಮನ ಮಗಳು ಹಣೆ ಚಚ್ಚಿಕೊಂಡು, "ನಿನ್ ತಲೆ ಸುತ್ತಿಗೆ ನಮ್ಮಮ್ಮ ಗತಿ ಇಲ್ದೋಳಂಗೆ ಹೋದ್ಲಲ್ಲ ದೊಡ್ಡಮ್ಮ. ಹುಟ್ಟಿದ್ ಮನೆ ಇಲ್ದೋಳಂಗೆ ಹೋದ್ಲಲ್ಲ" ಎಂದು ಕೂಗಿ ಅತ್ತಳು. ಅವ್ವ ಹ್ಞೂಂ ಹ್ಞೂಂ ಎನ್ನುತ್ತ ತಲೆಯಾಡಿಸಿದಳು. ಸೀರೆಯನ್ನು ಗುಡ್ಡೆಯ ಮೇಲೆ ಹಾಸಿದಳು. ಗಾಳಿಗೆ ಹಾರದಿರಲಿ ಎಂದು ನಾಲ್ಕು ಮೂಲೆಗೂ ಕಲ್ಲು ಹುಡುಕಿ ಇಟ್ಟಳು. ಆ ಕಲ್ಲುಗಳನ್ನೂ ನಾನು ತಂದುಕೊಡಲಿಲ್ಲ.

ಇದೆಲ್ಲ ಆಗಿ ಎರಡು ವರ್ಷ. ಕಾರು ಈಗಲೂ ಇದೆ. ಕಲ್ಯಾಣದುರ್ಗದಲ್ಲಿ ಹೊಸ ಮಿಷನ್ ಬಂದಿದೆ, ಅದು ನಡೆಯುತ್ತದೆ ಎಂದು ಹೇಳುತ್ತಾರೆ. ಕಳೆದ ಮಾಘದಲ್ಲಿ ಚಿಕ್ಕಮ್ಮನ ಮೊಮ್ಮಗಳ ಮದುವೆಯಾಯಿತು. ನನಗೆ ಕಾರ್ಡು ಬಂತು, ಅವ್ವನ ಹೆಸರು ಅದರಲ್ಲಿರಲಿಲ್ಲ. ಅವ್ವ ಕಾರ್ಡನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟು, "ನೀ ಹೋಗಿ ಬಾರಪ" ಎಂದಳು. ನಾನು ಬಸ್ಸಿನಲ್ಲಿ ಹೋದೆ. ಅಲ್ಲಿ ಊಟದ ಪಂಕ್ತಿಯಲ್ಲಿ ಚಿಕ್ಕಮ್ಮನ ಮಗಳು ನನ್ನ ಎದುರಿಗೇ ಬಡಿಸುತ್ತ ಬಂದಳು, ಅಣ್ಣ ಇನ್ನೊಂದು ಹೋಳಿಗೆ ಹಾಕ್ಕೋ ಎಂದಳು. ಈಗ ಹೇಳಬೇಕು ಎಂದುಕೊಂಡೆ. ಹೋಳಿಗೆ ಹಾಕಿಸಿಕೊಂಡು ಉಂಡೆ.

ನೆಂಟರ ಮನೆಗಳಲ್ಲಿ ಅವ್ವನ ಮಾತು ಬಂದರೆ ಈಗಲೂ ಅದೇ ಕತೆ: ಒಡಹುಟ್ಟಿದ ತಂಗಿಯ ಸೀರೆ ಹಿಡಿದುಕೊಂಡು ಗಿಡದ ಕೆಳಗೆ ಮಲಗಿದವಳು ಎಂದು. ಹೋದ ವಾರ ಅವಳನ್ನು ಕೂರಿಸಿಕೊಂಡು, ಎಲ್ಲರಿಗೂ ಫೋನು ಮಾಡಿ ನಿಜ ಹೇಳಿಬಿಡುತ್ತೇನೆ ಎಂದೆ. ಅವಳು ಸೊಪ್ಪು ಸೋಸುತ್ತಿದ್ದಳು. "ಯಾಕಪ ಈಗ? ನನಗೇನು, ಇನ್ನ ಎಷ್ಟು ದಿನ. ನೀನು ನಾಳೆ ಆ ಮನಿ ಮಂದಿ ಮುಂದ ತಲಿ ಎತ್ತಿ ಓಡಾಡಬೇಕು" ಎಂದು ಸೊಪ್ಪಿನ ಕಡೆ ತಿರುಗಿದಳು. ನಾನು ಫೋನು ಕೆಳಗಿಟ್ಟೆ. ಅವ್ವನಿಗೆ ಈಗ ಎಪ್ಪತ್ತನಾಲ್ಕು. ದಿನಾ ಮೂರು ಸಲ ಮೆಟ್ಟಿಲು ಹತ್ತಿಳಿಯುತ್ತಾಳೆ, ಬಿಸಿಲಲ್ಲಿ ಸಂತೆಗೆ ನಡೆದು ಹೋಗಿ ಬರುತ್ತಾಳೆ. ಇವತ್ತಿನವರೆಗೂ ಅವಳಿಗೆ ಒಂದು ದಿನವೂ ತಲೆ ಸುತ್ತು ಬಂದದ್ದಿಲ್ಲ.